ಕಿಟಕಿಯ ಪುಟ್ಟಿ ಉದುರುವುದೇಕೆ?

ಪ್ರಶ್ನೆ: ನಮ್ಮ ಹಳೇ ಮನೆಯ ಮರದ ಕಿಟಕಿಗಳಲ್ಲಿ ಗಾಜಿನ ಸುತ್ತಲಿನ ಪುಟ್ಟಿ ಬಿರುಕುಬಿಟ್ಟು ಉದುರುತ್ತಿದೆ. ಅದರ ಮೇಲೆಯೇ ಹೊಸದನ್ನು ಮೆತ್ತಬಹುದೇ?

ಉತ್ತರ: ಬೇಡ, ಅದು ಹೆಚ್ಚು ದಿನ ನಿಲ್ಲದು. ಹಳೇ ಕಾಲದ ಪುಟ್ಟಿಯೆಂದರೆ ಸೀಮೆಸುಣ್ಣದ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಚಪಾತಿ ಹಿಟ್ಟಿನಂತೆ ನಾದಿದ್ದು. ಎಣ್ಣೆ ಗಾಳಿಯ ಆಮ್ಲಜನಕದೊಡನೆ ಸೇರಿ ಗಟ್ಟಿಯಾಗುತ್ತದೆ. ಈ ಕ್ರಿಯೆ ವರ್ಷಗಟ್ಟಲೆ ನಡೆಯುತ್ತಲೇ ಇರುವುದರಿಂದ ಪುಟ್ಟಿ ಕೊನೆಗೆ ಕಲ್ಲಾಗಿ ಬಿರಿಯುತ್ತದೆ. ಆ ಸಂದಿಯಲ್ಲಿ ಮಳೆನೀರು ಇಳಿದರೆ ಚೌಕಟ್ಟಿನ ಕೆಳಪಟ್ಟಿ ಕೊಳೆಯುವುದು ಖಚಿತ.

ಸಡಿಲವಾದುದನ್ನು ಉಳಿಯಿಂದ ಎಬ್ಬಿಸಿ. ಗಾಜು ಹಿಡಿದಿರುವ ಸಣ್ಣ ಮೊಳೆಗಳ ಬಳಿ ಜೋಪಾನ, ಗಾಜು ಒಡೆಯುವುದು ಹೆಚ್ಚಾಗಿ ಅಲ್ಲೇ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು (ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ, ಅಂದರೆ 90 ಪಿಪಿಎಂ, ಮೀರಬಾರದೆಂಬ ಮಿತಿ ನಮ್ಮಲ್ಲಿ ಬಂದದ್ದು 2017ರಲ್ಲಿ). ಅದರ ಧೂಳು ಏಳದಂತೆ ಒಣಗಿರುವಾಗ ಉಜ್ಜಬೇಡಿ, ಮಾಸ್ಕ್ ಹಾಕಿಕೊಳ್ಳಿ, ಮಕ್ಕಳನ್ನು ದೂರವಿಡಿ.

ಅನೇಕರು ಬಿಟ್ಟುಬಿಡುವ ಕೆಲಸವೊಂದಿದೆ: ಬರಿಮರಕ್ಕೆ ಪ್ರೈಮರ್ ಅಥವಾ ಅಗಸೆ ಎಣ್ಣೆ ಸವರುವುದು. ಇಲ್ಲದಿದ್ದರೆ ಒಣಮರ ಹೊಸ ಪುಟ್ಟಿಯ ಎಣ್ಣೆಯನ್ನೆಲ್ಲ ಹೀರಿಬಿಡುತ್ತದೆ. ಪುಟ್ಟಿಯನ್ನು ನೀರು ಹೊರಕ್ಕೆ ಜಾರುವಂತೆ ಇಳಿಜಾರಾಗಿ ತೀಡಿ. ಮೇಲ್ಪದರ ಗಟ್ಟಿಯಾಗಲು ಒಂದೆರಡು ವಾರ ಬೇಕು. ಬಣ್ಣ ಹಚ್ಚುವಾಗ ಗಾಜಿನ ಮೇಲೂ ಒಂದೆರಡು ಮಿಲಿಮೀಟರ್ ಹಾಯಿಸಿ. ಮಳೆಗಾಲಕ್ಕೆ ಮುಂಚೆಯೇ ಈ ಕೆಲಸ ಮುಗಿಸಿಕೊಳ್ಳಿ.