ಹಳೆಯ ನಾದಕ್ಕೆ ಹೊಸ ಸುರುಳಿ

ಕೆಲವು ತಿಂಗಳ ಹಿಂದೆ ಮಿತ್ರರೊಬ್ಬರು ಮೂಕವಾದ ಗಿಟಾರೊಂದನ್ನು ನಮ್ಮ ಪ್ರಯೋಗಶಾಲೆಗೆ ತಂದರು. ಅದು ಜಾಝ್ ಸಂಗೀತಗಾರರು ಬಳಸುವ, ಪಿಟೀಲಿನಂತೆ ಉಬ್ಬಿದ ಮೇಲ್ಹಲಗೆಯುಳ್ಳ ಟೊಳ್ಳು ಗಿಟಾರು. ತಂತಿಗಳು ಸರಿಯಾಗಿದ್ದವು, ಧ್ವನಿವರ್ಧಕವೂ ಸರಿಯಾಗಿತ್ತು. ಇವೆರಡರ ನಡುವಣ ಸೇತುವೆಯಾದ ‘ಪಿಕಪ್’ ಮಾತ್ರ ಕೆಟ್ಟಿತ್ತು. ಅದರ ಎರಡು ತುದಿಗಳಿಗೆ ರೋಧಮಾಪಕವನ್ನು ಸೇರಿಸಿದಾಗ ಮುಳ್ಳು ಅಲುಗಲಿಲ್ಲ. ಸುರುಳಿಯೊಳಗೆ ಎಲ್ಲಿಯೋ ತಂತಿ ಕಡಿದಿತ್ತು.

ಮಿತ್ರರು ಹಳೆಯ ಮಾದರಿಯದೆಂದು ಹೇಳಿ ಮಾರುವ ಹೊಸ ಪಿಕಪ್ಪೊಂದನ್ನು ಕೊಂಡು ತಂದರು. ಅದರ ಪೆಟ್ಟಿಗೆಯ ಮೇಲೆ ‘೧೪,೦೦೦ ಓಮ್’ ಎಂದು ಬರೆದಿತ್ತು. ಹಳೆಯದರ ರೋಧ ೮,೦೦೦ ಓಮ್‌ಗಳ ಆಸುಪಾಸಿನಲ್ಲಿತ್ತೆಂದು ಅವರಿಗೆ ನೆನಪಿತ್ತು. ಅಂಕಿ ದೊಡ್ಡದಾದಷ್ಟೂ ನಾದ ಉತ್ತಮ ಎಂಬುದು ಅವರ ತರ್ಕ. ಜೋಡಿಸಿ ನುಡಿಸಿದಾಗ ಸದ್ದೇನೋ ಜೋರಾಯಿತು. ಆದರೆ ಸ್ವರಕ್ಕೆ ಕಂಬಳಿ ಹೊದಿಸಿದಂತಾಗಿ, ಹಿಂದಿನ ಮಿನುಗು ಮಾಯವಾಯಿತು. ಹೀಗೇಕಾಯಿತು? ಹಾಗಾದರೆ ಆಯ್ಕೆ ಮಾಡುವ ಬಗೆ ಹೇಗೆ? ಇವೆರಡು ಪ್ರಶ್ನೆಗಳಿಗೂ ಉತ್ತರ ಕಾಲೇಜಿನ ಭೌತಶಾಸ್ತ್ರದ ಪಾಠದಲ್ಲಿಯೇ ಇದೆ.

ಮೊದಲು ತುಸು ಚರಿತ್ರೆ. ತುತ್ತೂರಿ ಮತ್ತು ತಾಳವಾದ್ಯಗಳ ಅಬ್ಬರದ ನಡುವೆ ಗಿಟಾರಿನ ಮೆಲುದನಿ ಕೇಳಿಸುತ್ತಿರಲಿಲ್ಲ. ೧೯೩೬ರಲ್ಲಿ ಅಮೆರಿಕದ ಗಿಬ್ಸನ್ ಸಂಸ್ಥೆ ಇಎಸ್-೧೫೦ ಎಂಬ ವಿದ್ಯುತ್ ಗಿಟಾರನ್ನು ಹೊರತಂದಿತು. ೧೯೩೯ರಲ್ಲಿ ಬೆನ್ನಿ ಗುಡ್‌ಮನ್ನರ ವಾದ್ಯತಂಡವನ್ನು ಸೇರಿದ ಚಾರ್ಲಿ ಕ್ರಿಶ್ಚಿಯನ್, ಅಂಥ ಗಿಟಾರಿನಲ್ಲಿ ಒಂದೊಂದೇ ಸ್ವರವನ್ನು ಬಿಡಿಸಿ ನುಡಿಸಿ, ಅದುವರೆಗೆ ಹಿಮ್ಮೇಳದಲ್ಲಿದ್ದ ವಾದ್ಯವನ್ನು ಮುಮ್ಮೇಳಕ್ಕೆ ತಂದರು. ೧೯೪೨ರಲ್ಲಿ, ತಮ್ಮ ೨೫ನೆಯ ವಯಸ್ಸಿನಲ್ಲಿ, ಅವರು ಕ್ಷಯರೋಗಕ್ಕೆ ತುತ್ತಾದರು. ಆದರೆ ಆ ಪಿಕಪ್ಪಿಗೆ ಇಂದಿಗೂ ಅವರ ಹೆಸರೇ ನಿಂತಿದೆ.

ಪಿಕಪ್ ಎಂದರೆ ಒಂದು ಅಯಸ್ಕಾಂತ, ಅದರ ಬಲಕ್ಷೇತ್ರದಲ್ಲಿ ಸಾವಿರಾರು ಸುತ್ತು ಸುತ್ತಿದ ತೆಳುವಾದ ತಾಮ್ರದ ತಂತಿ, ಇಷ್ಟೇ. ಗಿಟಾರಿನ ಉಕ್ಕಿನ ತಂತಿ ಅಯಸ್ಕಾಂತದ ಸಾಮೀಪ್ಯದಿಂದ ತಾನೂ ಅಯಸ್ಕಾಂತತ್ವವನ್ನು ಪಡೆಯುತ್ತದೆ. ಮೀಟಿದಾಗ ಅದು ಕಂಪಿಸಿ, ಸುರುಳಿಯೊಳಗಿನ ಕಾಂತೀಯ ಪ್ರವಾಹವನ್ನು ಹೆಚ್ಚು ಕಡಿಮೆ ಮಾಡುತ್ತದೆ. ಹೀಗೆ ಬದಲಾಗುವ ಕಾಂತಪ್ರವಾಹವು ಸುರುಳಿಯಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆಂದು ಮೈಕೇಲ್ ಫ್ಯಾರಡೆ ೧೮೩೧ರಲ್ಲಿಯೇ ತೋರಿಸಿದ್ದರು. ಪಿಕಪ್ ಗಾಳಿಯ ಅಲೆಗಳನ್ನು ಕೇಳುವುದಿಲ್ಲ, ಉಕ್ಕಿನ ಚಲನೆಯನ್ನು ಅಳೆಯುತ್ತದೆ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ನೈಲಾನ್ ತಂತಿಯನ್ನು ಅದರ ಮುಂದೆ ಎಷ್ಟು ಮೀಟಿದರೂ ಪ್ರಯೋಜನವಿಲ್ಲ.

ಜಾಝ್ ಗಿಟಾರಿನಲ್ಲಿ ಮುಖ್ಯವಾಗಿ ಮೂರು ಹಳೆಯ ಬಗೆಗಳು ಪ್ರಸಿದ್ಧವಾಗಿವೆ. ಮೊದಲನೆಯದು ಕ್ರಿಶ್ಚಿಯನ್ನರ ಹೆಸರಿನದು. ಅದರಲ್ಲಿ ಆರು ತಂತಿಗಳ ಕೆಳಗೂ ಉಕ್ಕಿನ ಒಂದೇ ಪಟ್ಟಿಯಿದ್ದು, ದೊಡ್ಡ ಅಯಸ್ಕಾಂತಗಳು ಮೇಲ್ಹಲಗೆಯ ಅಡಿಯಲ್ಲಿ ಅಡಗಿರುತ್ತವೆ. ಎರಡನೆಯದು ೧೯೪೬ರಲ್ಲಿ ಬಂದ ಪಿ-೯೦; ಅದು ಸುಮಾರು ೧೦,೦೦೦ ಸುತ್ತುಗಳ ಒಂಟಿ ಸುರುಳಿ. ಪ್ರತಿಯೊಂದು ತಂತಿಯ ಕೆಳಗೂ ಒಂದು ತಿರುಪುಮೊಳೆಯಿರುವುದರಿಂದ, ತಂತಿ ತಂತಿಗೂ ಸದ್ದನ್ನು ಹೊಂದಿಸಬಹುದು.

ಒಂಟಿ ಸುರುಳಿಗೆ ಒಂದು ದೋಷವಿದೆ. ಅದು ತಂತಿಯ ಕಂಪನವನ್ನಷ್ಟೇ ಅಲ್ಲದೆ, ಮನೆಯ ವಿದ್ಯುತ್ ಸಲಕರಣೆಗಳು ಸುತ್ತ ಹರಡುವ ಕಾಂತಕ್ಷೇತ್ರವನ್ನೂ ಹಿಡಿದು ಗುಂಯ್‌ಗುಡುತ್ತದೆ. ಇದನ್ನು ನಿವಾರಿಸಲು ಗಿಬ್ಸನ್ ಸಂಸ್ಥೆಯ ಸೆತ್ ಲವರ್ ಎಂಬುವರು ೧೯೫೫ರಲ್ಲಿ ಹೂಡಿದ ಉಪಾಯ ಬಲು ಸೊಗಸಾದದ್ದು. ಎರಡು ಸುರುಳಿಗಳನ್ನು ಪಕ್ಕಪಕ್ಕದಲ್ಲಿರಿಸಿ, ಅವುಗಳ ವಿದ್ಯುತ್ತು ಪರಸ್ಪರ ವಿರುದ್ಧವಾಗಿ ಸೇರುವಂತೆ ಜೋಡಿಸಿದರೆ ಹೊರಗಿನ ಗದ್ದಲ ತಾನಾಗಿ ಸೊನ್ನೆಯಾಗುತ್ತದೆ. ಆದರೆ ಒಂದು ಸುರುಳಿಗೆ ಅಯಸ್ಕಾಂತದ ಉತ್ತರ ಧ್ರುವವನ್ನೂ ಇನ್ನೊಂದಕ್ಕೆ ದಕ್ಷಿಣ ಧ್ರುವವನ್ನೂ ಒಡ್ಡಿರುವುದರಿಂದ, ಗಿಟಾರಿನ ತಂತಿ ಹುಟ್ಟಿಸುವ ವಿದ್ಯುತ್ತು ಎರಡು ಸಲ ತಿರುಗುಮುರುಗಾಗಿ ಕೂಡಿಕೊಳ್ಳುತ್ತದೆ. ಗದ್ದಲ ಕಳೆದುಹೋಗುತ್ತದೆ, ಸಂಗೀತ ಉಳಿಯುತ್ತದೆ! ಇದೇ ‘ಹಂಬಕರ್’. ೧೯೫೭ರಿಂದ ಇದು ಗಿಟಾರುಗಳಲ್ಲಿ ಬಂದಿತು. ೧೯೫೯ರಲ್ಲಿ ಪೇಟೆಂಟ್ ದೊರೆಯಿತು. ನಡುವಣ ಕಾಲದವುಗಳ ತಳದಲ್ಲಿ ‘ಪೇಟೆಂಟಿಗೆ ಅರ್ಜಿ ಸಲ್ಲಿಸಿದೆ’ ಎಂಬರ್ಥದ ಚೀಟಿಯಿದ್ದು, ಅವುಗಳಿಗೆ ಇಂದು ಅಪಾರ ಬೆಲೆ. ನಮ್ಮ ಮಿತ್ರರ ವಾದ್ಯದಲ್ಲಿದ್ದದ್ದು ಇದೇ ಬಗೆಯ ಜೋಡಿ ಸುರುಳಿ.

ಈಗ ಪೆಟ್ಟಿಗೆಯ ಮೇಲಿನ ಅಂಕಿಗೆ ಬರೋಣ. ಓಮ್‌ಗಳ ಸಂಖ್ಯೆ ತಾಮ್ರದ ತಂತಿಯ ಉದ್ದ ಮತ್ತು ದಪ್ಪವನ್ನು ಅವಲಂಬಿಸಿದೆ. ಈ ಪಿಕಪ್ಪುಗಳಲ್ಲಿ ಸಾಮಾನ್ಯವಾದ ೪೨ ಸಂಖ್ಯೆಯ ತಂತಿಯ ವ್ಯಾಸ ೦.೦೬೩ ಮಿಲಿಮೀಟರ್, ತಲೆಗೂದಲಿನಷ್ಟು. ಅದಕ್ಕೆ ಬದಲಾಗಿ ೦.೦೫೬ ಮಿಲಿಮೀಟರಿನ ೪೩ ಸಂಖ್ಯೆಯ ತಂತಿಯನ್ನು ಅಷ್ಟೇ ಉದ್ದ ಸುತ್ತಿದರೆ, ರೋಧವು ಕಾಲು ಭಾಗದಷ್ಟು ಏರುತ್ತದೆ. ಆದರೆ ಸುತ್ತುಗಳು ಹೆಚ್ಚಿದಂತಾಗಲಿಲ್ಲ, ಹುಟ್ಟುವ ವಿದ್ಯುತ್ತೂ ಹೆಚ್ಚಲಿಲ್ಲ. ಸಾಲದುದಕ್ಕೆ, ಮುಂಜಾನೆ ೨೦ ಡಿಗ್ರಿಯಲ್ಲಿ ೮,೦೦೦ ಓಮ್ ತೋರಿದ ಸುರುಳಿ ಮಧ್ಯಾಹ್ನ ೩೦ ಡಿಗ್ರಿಯಲ್ಲಿ ೩೦೦ ಓಮ್ ಹೆಚ್ಚು ತೋರುತ್ತದೆ. ಬಿಸಿಲೇರಿದ ಮಾತ್ರಕ್ಕೆ ಗಿಟಾರಿನ ನಾದ ಸುಧಾರಿಸಿತೆಂದು ಯಾರೂ ಹೇಳಲಾರರು.

ನಾದದ ಬಣ್ಣವನ್ನು ನಿರ್ಧರಿಸುವುದರಲ್ಲಿ ಇದಕ್ಕಿಂತ ಮುಖ್ಯವಾದುದು ಸುರುಳಿಯ ಪ್ರೇರಕತ್ವ. ಸುತ್ತುಗಳು ಹೆಚ್ಚಿದಂತೆ ಅದು ವೇಗವಾಗಿ ಏರುತ್ತದೆ. ಗಿಟಾರಿನಿಂದ ಧ್ವನಿವರ್ಧಕಕ್ಕೆ ಹೋಗುವ ಕೇಬಲ್ಲಿಗೆ ಮೀಟರಿಗೆ ಸುಮಾರು ೧೦೦ ಪೈಕೋಫ್ಯಾರಡ್ ಧಾರಕತ್ವವಿರುತ್ತದೆ. ಇವೆರಡೂ ಸೇರಿ, ರೇಡಿಯೋದಲ್ಲಿ ಇರುವಂತಹುದೇ ಒಂದು ಅನುರಣನ ಮಂಡಲವಾಗುತ್ತದೆ. ಒಂದು ನಿರ್ದಿಷ್ಟ ಆವೃತ್ತಿಯ ಬಳಿ ಸ್ವರಗಳು ಎದ್ದು ಕೇಳುತ್ತವೆ. ಅದರಾಚೆಯವು ಬೇಗನೆ ಅಡಗುತ್ತವೆ. ಹಳೆಯ ಬಗೆಯ ಜೋಡಿ ಸುರುಳಿಗೆ ೪ ಹೆನ್ರಿ ಪ್ರೇರಕತ್ವವಿದ್ದು, ೫ ಮೀಟರಿನ ಕೇಬಲ್ಲಿನದು ೫೦೦ ಪೈಕೋಫ್ಯಾರಡ್ ಆದರೆ, ಲೆಕ್ಕದಂತೆ ಈ ಆವೃತ್ತಿ ಸೆಕೆಂಡಿಗೆ ಸುಮಾರು ೩,೫೦೦. ಪ್ರೇರಕತ್ವ ೮ ಹೆನ್ರಿಗೆ ಏರಿದರೆ ಅದು ೨,೫೦೦ಕ್ಕೆ ಇಳಿಯುತ್ತದೆ. ಮೇಲಿನ ಉಪಸ್ವರಗಳು ಅಳಿಸಿಹೋದುದರಿಂದಲೇ ಮಿತ್ರರ ಗಿಟಾರು ಕಂಬಳಿಯೊಳಗಿನಿಂದ ಹಾಡಿದುದು. ಕೇಬಲ್ಲನ್ನು ೧೦ ಮೀಟರಿಗೆ ಉದ್ದಮಾಡಿದರೂ ಇದೇ ಪರಿಣಾಮ. ಆದುದರಿಂದ ಪಿಕಪ್ಪನ್ನು ದೂರುವ ಮುನ್ನ ಕೇಬಲ್ಲನ್ನು ಪರೀಕ್ಷಿಸುವುದು ಒಳ್ಳೆಯದು.

ಪಿಕಪ್ ಇರುವ ಸ್ಥಳವೂ ಮುಖ್ಯ. ಜಾಝ್ ಗಿಟಾರಿನಲ್ಲಿ ಅದು ಕತ್ತಿನ ಕೊನೆಯಲ್ಲಿ, ಕುದುರೆಯಿಂದ ತಂತಿಯ ಉದ್ದದ ಸುಮಾರು ಕಾಲು ಭಾಗಕ್ಕೆ ಸಮೀಪದಲ್ಲಿ ಇರುತ್ತದೆ. ಅಲ್ಲಿ ಮೂಲಸ್ವರವೂ ಅದರ ಇಮ್ಮಡಿಯೂ ಬಲವಾಗಿವೆ. ನಾಲ್ಮಡಿಯ ಉಪಸ್ವರಕ್ಕೆ ಆ ಎಡೆ ನಿಶ್ಚಲ ಬಿಂದು. ಜಾಝ್ ಗಿಟಾರಿನ ದುಂಡನೆಯ ನಾದಕ್ಕೆ ಇದೊಂದು ಕಾರಣ. ಹೀಗೆ ಸ್ಥಳವೇ ನಾದವನ್ನು ಮೃದುಗೊಳಿಸಿರುವಾಗ, ಅತಿಯಾಗಿ ಸುತ್ತಿದ ಸುರುಳಿ ಅದನ್ನು ಇನ್ನಷ್ಟು ಮಂಕುಮಾಡುತ್ತದೆ.

ತಂತಿಗಳನ್ನೂ ಗಮನಿಸಬೇಕು. ಕಂಚಿನ ಹೊದಿಕೆ ಸುತ್ತಿದ ತಂತಿಯಲ್ಲಿ ಒಳಗಿನ ಉಕ್ಕಿನ ಎಳೆ ಮಾತ್ರ ಪಿಕಪ್ಪಿಗೆ ಕಾಣುತ್ತದೆ. ಹೊದಿಕೆಯಿಲ್ಲದ ತೆಳು ತಂತಿಗಳಾದರೋ ಪೂರ್ತಿ ಉಕ್ಕು. ಆದುದರಿಂದ ತೆಳುವಾದವೇ ಅಬ್ಬರಿಸುತ್ತವೆ. ಕಂಚಿನ ತಂತಿ ಬೇಕೇ ಬೇಕೆನ್ನುವವರು, ತಿರುಪುಮೊಳೆಗಳಿಂದ ಹೊಂದಿಸಬಲ್ಲ ಪಿಕಪ್ಪನ್ನು ಆಯುವುದು ಲೇಸು. ಇನ್ನು ಅಯಸ್ಕಾಂತ: ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್ ಮತ್ತು ಕಬ್ಬಿಣದ ಮಿಶ್ರಲೋಹವಾದ ಆಲ್ನಿಕೊದಲ್ಲಿ ಎರಡನೆಯ ದರ್ಜೆಯದು ಐದನೆಯದಕ್ಕಿಂತ ದುರ್ಬಲ. ಬಲವೆಲ್ಲ ಗುಣವಲ್ಲ. ಪ್ರಬಲವಾದ ಅಯಸ್ಕಾಂತವನ್ನು ತಂತಿಗೆ ತೀರ ಹತ್ತಿರ ತಂದರೆ, ಅದರ ಸೆಳೆತದಿಂದ ಕಂಪನವೇ ಕೆಟ್ಟು ಸ್ವರ ತಪ್ಪುತ್ತದೆ. ಹಳೆಯ ಹಂಬಕರುಗಳ ಸುರುಳಿಯಲ್ಲಿ ಮೇಣವನ್ನು ತುಂಬುತ್ತಿರಲಿಲ್ಲ. ಅದನ್ನು ಯಥಾವತ್ತಾಗಿ ಅನುಕರಿಸಿದರೆ, ಸಡಿಲವಾದ ಸುತ್ತುಗಳು ತಾವೇ ಕಂಪಿಸಿ, ಸದ್ದು ಏರಿದಾಗ ಕಿರುಚುವ ಸಂಭವವುಂಟು. ದೊಡ್ಡ ಸಭೆಯಲ್ಲಿ ನುಡಿಸುವವರಿಗೆ ಮೇಣದಲ್ಲಿ ಅದ್ದಿದ್ದೇ ಕ್ಷೇಮ.

ಹಾಗಾದರೆ ಆಯ್ಕೆಯ ಕ್ರಮವೇನು? ಮೊದಲು ವಾದ್ಯದಲ್ಲಿ ಈಗಿರುವ ರಂಧ್ರದ ಅಳತೆಯನ್ನೂ ತಂತಿಗಳ ಅಂತರವನ್ನೂ ತೆಗೆದುಕೊಳ್ಳಬೇಕು. ಅದಕ್ಕೆ ಹೊಂದದ ಪಿಕಪ್ ಎಷ್ಟೇ ಕೀರ್ತಿವಂತವಾಗಿದ್ದರೂ ಬೇಡ. ಸುರುಳಿಯನ್ನು ಮತ್ತೆ ಸುತ್ತಬಹುದು, ಕೊರೆದ ಹಲಗೆಯನ್ನು ಮತ್ತೆ ಬೆಳೆಸಲಾಗದು. ರಂಧ್ರವೇ ಇಲ್ಲದ ವಾದ್ಯಕ್ಕೆ, ಹಲಗೆಯನ್ನು ಮುಟ್ಟದೆ ಕತ್ತಿನ ಅಂಚಿಗೆ ತೂಗುವಂತಹ ಪಿಕಪ್ಪುಗಳಿವೆ. ಎರಡನೆಯದಾಗಿ, ಒಂಟಿ ಸುರುಳಿಯೋ ಜೋಡಿಯೋ ಎಂಬುದನ್ನು ನುಡಿಸುವ ಸ್ಥಳದ ಗದ್ದಲವನ್ನು ನೋಡಿ ನಿಶ್ಚಯಿಸಬೇಕು. ಮೂರನೆಯದಾಗಿ, ತಯಾರಕರನ್ನು ಕೇಳಬೇಕಾದದ್ದು ಓಮ್‌ಗಳನ್ನಲ್ಲ, ಹೆನ್ರಿಗಳನ್ನು.

ಈ ಕ್ರಮದಂತೆಯೇ ಮಿತ್ರರು ೪ ಹೆನ್ರಿಯ ಸಮೀಪದ ಜೋಡಿ ಸುರುಳಿಯೊಂದನ್ನು ಆರಿಸಿದರು. ಅದು ಹಳೆಯ ರಂಧ್ರದಲ್ಲಿ ಉಳಿಯ ಸ್ಪರ್ಶವಿಲ್ಲದೆ ಕುಳಿತಿತು. ಕಂಬಳಿ ಸರಿಯಿತು, ಮಿನುಗು ಮರಳಿತು. ಕೆಟ್ಟ ಸುರುಳಿಯನ್ನು ಎಸೆಯಬೇಡಿರೆಂದು ಅವರಿಗೆ ಹೇಳಿದ್ದೇವೆ. ಅದನ್ನು ಒಂದು ದಿನ ಮತ್ತೆ ಸುತ್ತಿಸಬಹುದು. ಸುಲಭವಾಗಿ ಅಳೆಯಬಹುದಾದದ್ದೇ ಮುಖ್ಯವಾದದ್ದು ಎಂದು ಭಾವಿಸುವುದು ಮನುಷ್ಯಸಹಜವಾದ ತಪ್ಪು. ಯಾವ ಪ್ರಶ್ನೆಗೆ ಯಾವ ಅಳತೆ ಉತ್ತರವಾಗುತ್ತದೆಂಬುದನ್ನು ತಿಳಿದ ಬಳಿಕವೇ ಮಾಪಕವನ್ನು ಕೈಗೆತ್ತಿಕೊಳ್ಳಬೇಕು.