ಪ್ರೋಗ್ರಾಮಿಂಗ್ ಪ್ರಶ್ನೆಗಳಿಗೆ ಉತ್ತರಿಸುವ ಬಗೆ

ಕಾಮೋಠೆ: ಮಾನಸರೋವರ ನಿಲ್ದಾಣದಲ್ಲಿ ಸಂಜೆ ಇಳಿದು ಮನೆ ಸೇರುವ ನಮ್ಮ ಕನ್ನಡಿಗ ಕುಟುಂಬಗಳ ಯುವಜನರಲ್ಲಿ ಕೆಲವರು ಇಂಜಿನಿಯರಿಂಗ್ ವಿದ್ಯಾರ್ಥಿಗಳು, ಇನ್ನು ಕೆಲವರು ಮಹಾಪೆ, ಐರೋಲಿಗಳ ತಂತ್ರಾಂಶ ಸಂಸ್ಥೆಗಳ ಉದ್ಯೋಗಿಗಳು. ಊಟವಾದ ಬಳಿಕವೂ ಇವರು ಗಣಕಯಂತ್ರದ ಮುಂದೆ ಕುಳಿತಿರುವುದನ್ನು ಕಂಡು ಹಿರಿಯರು ಗೊಣಗುವುದುಂಟು. ಆದರೆ ಅದೇ ಹೊತ್ತಿನಲ್ಲಿ ಒಬ್ಬರು ಎಂದೂ ಕಾಣದ ಯಾರನ್ನೋ ಪ್ರಶ್ನೆ ಕೇಳುತ್ತಿರಬಹುದು, ಮತ್ತೊಬ್ಬರು ಎಂದೂ ಕಾಣದ ಯಾರಿಗೋ ಸಂಬಳವಿಲ್ಲದೆ ಉತ್ತರ ಬರೆಯುತ್ತಿರಬಹುದು. ಪ್ರೋಗ್ರಾಮಿಂಗ್ ವಿದ್ಯೆಯ ಬಹುಭಾಗ ಇಂದು ಹೀಗೆಯೇ ಕೈಯಿಂದ ಕೈಗೆ ದಾಟುತ್ತಿದೆ. ಆ ಉತ್ತರ ಹೇಗಿರಬೇಕೆಂಬುದನ್ನು ಇಲ್ಲಿ ವಿವರಿಸಲು ಬಯಸುತ್ತೇವೆ.

ಒಂದು ಉದಾಹರಣೆಯಿಂದಲೇ ತೊಡಗೋಣ. ವಿದ್ಯಾರ್ಥಿನಿಯೊಬ್ಬಳು ಪೈಥಾನ್ ಭಾಷೆಯಲ್ಲಿ ಪದವೊಂದನ್ನು ಹಿಂದುಮುಂದಾಗಿಸುವ ಪ್ರೋಗ್ರಾಂ ಬರೆಯುತ್ತಾಳೆ ಎಂದಿಟ್ಟುಕೊಳ್ಳಿ. ಇಂಗ್ಲಿಷ್ ಪದಗಳಿಗೆ ಅದು ಸರಿಯಾಗಿ ನಡೆಯುತ್ತದೆ. ‘ಕಾಮೋಠೆ’ ಎಂದು ಕೊಟ್ಟಾಗ ‘ಠೆಮೋಕಾ’ ಬರುವ ಬದಲು, ಮೊದಲಲ್ಲಿ ಎತ್ವದ ಚಿಹ್ನೆಯೊಂದು ಆಧಾರವಿಲ್ಲದೆ ನೇತಾಡುತ್ತಾ, ಅದರ ಹಿಂದೆ ‘ಠೋಮಾಕ’ ಎಂದು ಬರುತ್ತದೆ. ಉದ್ದವನ್ನು ಕೇಳಿದರೆ ಯಂತ್ರವು 6 ಎನ್ನುತ್ತದೆ. ಕಣ್ಣಿಗೆ ಕಾಣುವುದು ಮೂರೇ ಅಕ್ಷರ. ಅವಳು ತನ್ನ ಅರೆಬರೆ ಇಂಗ್ಲಿಷಿನಲ್ಲಿ, ‘ಪೈಥಾನ್ ಕೆಟ್ಟಿದೆಯೇ?’ ಎಂದು ಕೇಳುತ್ತಾಳೆ.

ಇದಕ್ಕೆ ಬರಬಹುದಾದ ಉತ್ತರಗಳನ್ನು ಊಹಿಸುವುದು ಕಷ್ಟವಲ್ಲ. ‘ಮೊದಲು ಹುಡುಕಿ ನೋಡಿ’ ಎಂಬುದೊಂದು. ‘ಯುನಿಕೋಡ್ ಓದಿಕೊಂಡು ಬನ್ನಿ’ ಎಂಬುದು ಇನ್ನೊಂದು. ‘ಕನ್ನಡ ಏಕೆ, ಇಂಗ್ಲಿಷ್ ಬಳಸಿ’ ಎನ್ನುವವರೂ ಇರುತ್ತಾರೆ. ಯಾವ ವಿವರಣೆಯೂ ಇಲ್ಲದೆ ಹತ್ತು ಸಾಲು ಕೋಡ್ ಎಸೆದು ಹೋಗುವವರು ಮತ್ತೊಂದು ಬಗೆ. ಈ ನಾಲ್ಕನೆಯದನ್ನು ಬಹಳ ಮಂದಿ ಸಹಾಯವೆಂದೇ ತಿಳಿಯುತ್ತಾರೆ. ನಾವು ಹಾಗೆ ತಿಳಿಯುವುದಿಲ್ಲ. ಅದನ್ನು ನಕಲು ಮಾಡಿದವಳಿಗೆ ನಾಳೆ ಇದೇ ತೊಡಕು ಬೇರೆ ರೂಪದಲ್ಲಿ ಎದುರಾದಾಗ ಪುನಃ ಕೈಚಾಚಬೇಕಾಗುತ್ತದೆ.

ಒಳ್ಳೆಯ ಉತ್ತರ ಬರೆಯುವವನು ಮೊದಲು ಅವಳ ಪ್ರೋಗ್ರಾಮನ್ನು ತನ್ನ ಯಂತ್ರದಲ್ಲಿ ನಡೆಸಿ, ಅವಳು ಕಂಡದ್ದನ್ನು ತಾನೂ ಕಾಣುತ್ತಾನೆ. ‘ನಿಮ್ಮ ತರ್ಕ ಸರಿಯಾಗಿದೆ, ಪೈಥಾನ್ ಕೂಡ ಕೆಟ್ಟಿಲ್ಲ’ ಎಂಬ ಒಂದು ವಾಕ್ಯವನ್ನು ಮೊದಲಿಗೆ ಬರೆದರೆ ಅರ್ಧ ಭಯ ಹೋಗುತ್ತದೆ. ಬಳಿಕ ಕಾರಣ: ಯುನಿಕೋಡ್ ಪದ್ಧತಿಯಲ್ಲಿ ಕ, ಮ, ಠ ಎಂಬ ವ್ಯಂಜನಗಳಿಗೆ ಒಂದೊಂದು ಸಂಖ್ಯೆಯಿದ್ದಂತೆ, ಅವಕ್ಕೆ ಹತ್ತುವ ದೀರ್ಘ, ಓತ್ವ, ಎತ್ವಗಳ ಚಿಹ್ನೆಗಳಿಗೂ ಪ್ರತ್ಯೇಕ ಸಂಖ್ಯೆಗಳಿವೆ. ಮೂರೂ ಮೂರೂ ಸೇರಿ ಆರು. ಆ ಆರನ್ನು ತಿರುಗಿಸಿದಾಗ ಸ್ವರಚಿಹ್ನೆಗಳು ಪಕ್ಕದ ಮನೆಯ ವ್ಯಂಜನಕ್ಕೆ ಅಂಟಿಕೊಳ್ಳುತ್ತವೆ. ಇಷ್ಟು ತಿಳಿದ ಮೇಲೆ ಪರಿಹಾರ: ಪೈಥಾನಿಗೆ ಪ್ರತ್ಯೇಕವಾಗಿ ದೊರೆಯುವ ‘ರೆಗೆಕ್ಸ್’ ಎಂಬ ಉಪತಂತ್ರಾಂಶವು ಚಿಹ್ನೆ ಸಹಿತ ಅಕ್ಷರವನ್ನು ಒಂದು ಘಟಕವಾಗಿ ಬಿಡಿಸಿಕೊಡುತ್ತದೆ, ಆ ಘಟಕಗಳನ್ನು ತಿರುಗಿಸಿದರೆ ‘ಠೆಮೋಕಾ’ ಬರುತ್ತದೆ.

ಅಷ್ಟಕ್ಕೇ ನಿಲ್ಲದೆ, ತನ್ನ ಉತ್ತರದ ಮಿತಿಯನ್ನೂ ಅವನು ಹೇಳಬೇಕು. ‘ಕನ್ನಡ’ ಎಂಬ ಪದದಲ್ಲಿ ನಮಗೆ ಮೂರು ಅಕ್ಷರ, ಯುನಿಕೋಡಿಗೆ ಐದು ಸಂಖ್ಯೆ. ಈ ಉಪತಂತ್ರಾಂಶ ಹಲಂತದ ಬಳಿ ತುಂಡರಿಸಿ ನಾಲ್ಕು ಘಟಕ ಎನ್ನಬಹುದು. ಒತ್ತಕ್ಷರವಿರುವ ಪದಗಳಿಗೆ ಇನ್ನಷ್ಟು ಕೆಲಸ ಬೇಕೆಂದು ಬರೆಯುವುದರಿಂದ ಉತ್ತರಿಸಿದವನ ಗೌರವಕ್ಕೆ ಕುಂದಿಲ್ಲ.

ಜಗತ್ತಿನಲ್ಲಿ ಈ ಕಾರ್ಯದ ದೊಡ್ಡ ವೇದಿಕೆಯೆಂದರೆ 2008ರಲ್ಲಿ ಜೆಫ್ ಆಟ್‌ವುಡ್ ಮತ್ತು ಜೋಯೆಲ್ ಸ್ಪಾಲ್ಸ್ಕಿ ಆರಂಭಿಸಿದ ಸ್ಟ್ಯಾಕ್ ಓವರ್‌ಫ್ಲೋ. ಉತ್ತಮ ಉತ್ತರಗಳನ್ನು ಮತಗಳ ಮೂಲಕ ಮೇಲೆತ್ತುವ ಅದರ ಪದ್ಧತಿಯಿಂದ ಅಪಾರ ಜ್ಞಾನ ಸಂಗ್ರಹವಾಯಿತು. ಆದರೆ ಹೊಸಬರು, ವಿಶೇಷವಾಗಿ ಮಹಿಳೆಯರು, ಅಲ್ಲಿ ಆದರದ ವಾತಾವರಣವನ್ನು ಕಾಣುತ್ತಿಲ್ಲವೆಂದು 2018ರ ಏಪ್ರಿಲ್‌ನಲ್ಲಿ ಸಂಸ್ಥೆಯೇ ಬಹಿರಂಗವಾಗಿ ಒಪ್ಪಿಕೊಂಡು, ಅದೇ ವರ್ಷ ಹೊಸ ನಡವಳಿಕೆ ಸಂಹಿತೆಯನ್ನು ಪ್ರಕಟಿಸಿತು. ಚಾಟ್‌ಜಿಪಿಟಿ ಬಂದೊಡನೆ, 2022ರ ಡಿಸೆಂಬರ್‌ನಲ್ಲಿ, ಅದರಿಂದ ಬರೆಸಿದ ಉತ್ತರಗಳನ್ನು ಅಲ್ಲಿ ನಿಷೇಧಿಸಲಾಯಿತು; ನೋಡಲು ಸರಿಯೆನಿಸುವ ತಪ್ಪು ಉತ್ತರಗಳು ಹರಿದುಬರತೊಡಗಿದ್ದವು. ಆ ಬಳಿಕ ಅಲ್ಲಿಗೆ ಬರುವ ಹೊಸ ಪ್ರಶ್ನೆಗಳೇ ಬಹಳಷ್ಟು ಕುಸಿದವು. ಯಂತ್ರ ಗದರಿಸುವುದಿಲ್ಲ ಎಂಬುದೂ ಇದಕ್ಕೊಂದು ಕಾರಣವಾಗಿರಬೇಕೆಂದು ನಮ್ಮ ಅನಿಸಿಕೆ.

ಭಾಷೆಯ ವಿಷಯದಲ್ಲಿ ಇನ್ನೊಂದು ಮಾತು. ಕನ್ನಡದಲ್ಲಿ ನಾವು ಅಪರಿಚಿತರನ್ನು ‘ನೀವು’ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಆ ಭೇದವಿಲ್ಲದ ಕಾರಣ ಗೌರವವನ್ನು ಬೇರೆ ಪದಗಳಲ್ಲಿ ತೋರಿಸಬೇಕಾಗುತ್ತದೆ. ‘ಇದು ಬಹಳ ಸುಲಭ’ ಎಂಬ ಮಾತು ಹೇಳುವವನಿಗೆ ಪ್ರೋತ್ಸಾಹ, ಎರಡು ದಿನ ತಲೆಕೆಡಿಸಿಕೊಂಡವಳಿಗೆ ಅವಮಾನ. ಮರಾಠಿ ಅಥವಾ ಕನ್ನಡ ಮಾಧ್ಯಮದಲ್ಲಿ ಓದಿಬಂದವರ ಪ್ರಶ್ನೆಯಲ್ಲಿ ವ್ಯಾಕರಣ ದೋಷವಿದ್ದರೆ, ಅವಕಾಶವಿರುವಲ್ಲಿ ಸದ್ದಿಲ್ಲದೆ ತಿದ್ದಬಹುದು, ಎತ್ತಿ ಆಡಬೇಕಿಲ್ಲ. ಹಗಲು ಹೋಟೆಲಿನಲ್ಲಿ ದುಡಿದು ಬಂದ ಹುಡುಗರಿಗೆ ಮುಂಬಯಿಯ ಕನ್ನಡ ರಾತ್ರಿಶಾಲೆಗಳು ಅಕ್ಷರ ಕಲಿಸಿದ ಪರಂಪರೆಯವರು ನಾವು. ‘ಇಷ್ಟು ದಿನ ಏಕೆ ಕಲಿಯಲಿಲ್ಲ’ ಎಂಬ ಪ್ರಶ್ನೆಗೆ ಅಲ್ಲಿ ಸ್ಥಾನವಿರಲಿಲ್ಲ.

ಹಾಗೆಂದು ಕೇಳಿದ್ದನ್ನೆಲ್ಲ ಮಾಡಿಕೊಡಬೇಕೆಂದಿಲ್ಲ. ಕಾಲೇಜಿನ ಅಸೈನ್‌ಮೆಂಟನ್ನು ಇದ್ದಂತೆಯೇ ಹಾಕಿ ‘ನಾಳೆ ಬೆಳಿಗ್ಗೆ ಬೇಕು’ ಎನ್ನುವವರಿಗೆ, ‘ಎಲ್ಲಿಯವರೆಗೆ ಬಂದಿದ್ದೀರಿ, ಯಾವ ಸಾಲಿನಲ್ಲಿ ನಿಂತಿದೆ?’ ಎಂದು ವಿಚಾರಿಸಿ ಒಂದು ಸುಳಿವು ಕೊಟ್ಟರೆ ಸಾಕು. ಹಳೆಯ ಪ್ರಶ್ನೆಯೇ ಪುನಃ ಬಂದಾಗ ಹಿಂದಿನ ಉತ್ತರದ ವಿಳಾಸದೊಂದಿಗೆ, ಅದರಲ್ಲಿ ಯಾವ ಭಾಗ ಇವರಿಗೆ ಅನ್ವಯಿಸುತ್ತದೆಂದು ಒಂದು ಸಾಲು ಸೇರಿಸಬೇಕು.

ಉತ್ತರ ಬರೆಯುವಾಗ ಭಾಷೆಯ ಆವೃತ್ತಿಯನ್ನು ನಮೂದಿಸಲು ಮರೆಯಬಾರದು. 2020ರ ಜನವರಿ 1ರಂದು ಬೆಂಬಲ ನಿಂತುಹೋದ ಪೈಥಾನ್ 2ರಲ್ಲಿ ‘ಕಾಮೋಠೆ’ ಎಂಬ ಪದವನ್ನು ಸಾಮಾನ್ಯ ರೀತಿಯಲ್ಲಿ ಯುಟಿಎಫ್-8 ಕಡತದಲ್ಲಿ ಬರೆದು ಉದ್ದ ಕೇಳಿದರೆ 18 ಎಂಬ ಉತ್ತರ ಬರುತ್ತಿತ್ತು. ಅಲ್ಲಿ ಎಣಿಕೆ ಬೈಟ್‌ಗಳದ್ದು, ಪ್ರತಿ ಸಂಖ್ಯೆಗೂ ಮೂರು ಬೈಟ್. ಪೈಥಾನ್ 3 ಅದನ್ನೇ 6 ಎನ್ನುತ್ತದೆ. ಎರಡೂ ಉತ್ತರಗಳು ಇಂದಿಗೂ ಹುಡುಕಿದಾಗ ಸಿಗುತ್ತವೆ, ಎರಡೂ ತಮ್ಮ ಕಾಲಕ್ಕೆ ಸರಿ. ಯಾವುದು ಯಾವ ಆವೃತ್ತಿಯದೆಂದು ಬರೆದಿರದಿದ್ದರೆ, ಮೂರಕ್ಷರದ ಊರಿನ ಹುಡುಗಿ ಆರು ಮತ್ತು ಹದಿನೆಂಟರ ನಡುವೆ ಇನ್ನೊಂದು ರಾತ್ರಿ ಕಳೆಯಬೇಕಾಗುತ್ತದೆ.