ಫುಟ್‌ಬಾಲ್ ವಿಶ್ವಕಪ್ ನೋಡುವುದು ಹೃದಯಕ್ಕೆ ಅಪಾಯವೇ?

‘ಪಂದ್ಯ ನೋಡುತ್ತಲೇ ಹೃದಯಾಘಾತವಾಯಿತಂತೆ’ ಎಂಬ ಮಾತು ಬರೀ ಕಟ್ಟುಕತೆಯೇ? ಪೂರ್ತಿ ಅಲ್ಲ. 2006ರಲ್ಲಿ ಜರ್ಮನಿಯಲ್ಲಿ ವಿಶ್ವಕಪ್ ನಡೆದಾಗ ಮ್ಯೂನಿಕ್ ಪ್ರದೇಶದ ವೈದ್ಯರು ಲೆಕ್ಕ ಇಟ್ಟರು. ಜರ್ಮನಿ ಆಡಿದ ದಿನಗಳಲ್ಲಿ ಹೃದಯದ ತುರ್ತು ಪ್ರಕರಣಗಳು ಸಾಮಾನ್ಯ ದಿನಗಳ ಸುಮಾರು 2.7 ಪಟ್ಟು ಇದ್ದವು. ಪಂದ್ಯ ಶುರುವಾದ ಎರಡು ಗಂಟೆಯೊಳಗೆ ಅತಿ ಹೆಚ್ಚು. ಮೊದಲೇ ಹೃದ್ರೋಗವಿದ್ದವರಿಗೆ ಅಪಾಯ ಇನ್ನೂ ಜಾಸ್ತಿ.

ಉದ್ವೇಗವಾದಾಗ ಅಡ್ರಿನಲಿನ್ ಹೆಚ್ಚಿ ಎದೆಬಡಿತ, ರಕ್ತದೊತ್ತಡ ಏರುತ್ತವೆ. ಆರೋಗ್ಯವಂತ ಹೃದಯ ಇದನ್ನು ಸಾಮಾನ್ಯವಾಗಿ ತಾಳಿಕೊಳ್ಳುತ್ತದೆ. ರಕ್ತನಾಳ ಕಿರಿದಾಗಿರುವ ಹೃದಯಕ್ಕೆ ಅದು ಹೊರೆ.

ಹಾಗಂತ ಟಿವಿ ಆರಿಸಬೇಕಿಲ್ಲ. ಹೀಗೆ ಮಾಡಿ:

• ನೆಚ್ಚಿನ ತಂಡದ ಜೊತೆಗೆ ಇನ್ನೊಂದು ಪುಟ್ಟ ದೇಶದ ತಂಡವನ್ನೂ ಆರಿಸಿಕೊಳ್ಳಿ. ಒಂದು ಸೋತರೂ ಮಜಾ ಮುಗಿಯದು.
• ಗೆಳೆಯರೊಂದಿಗೆ ಗೋಲುಗಳನ್ನು ಊಹಿಸುವ ಆಟವಾಡಿ. ಹಣ ಕಟ್ಟಬೇಡಿ, ಸೋತವರು ಮಂಡಕ್ಕಿ ಕಲಸಲಿ.
• ನಡುರಾತ್ರಿಯ ಪಂದ್ಯವಿದ್ದರೆ ಸಂಜೆಯೇ ಒಂದು ನಿದ್ದೆ ತೆಗೆಯಿರಿ. ಕಾಫಿಯ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು.
• ವಿರಾಮದಲ್ಲಿ ಎದ್ದು ಓಡಾಡಿ. ಬಿಪಿ, ಹೃದಯದ ಮಾತ್ರೆ ತಪ್ಪಿಸಬೇಡಿ.

ಎದೆ ಹಿಂಡಿದಂತಾಗಿ ಬೆವರಿದರೆ, ಉಸಿರು ಕಟ್ಟಿದರೆ ಪೆನಾಲ್ಟಿ ಮುಗಿಯಲೆಂದು ಕಾಯಬೇಡಿ. ತಕ್ಷಣ 108ಕ್ಕೆ ಕರೆ ಮಾಡಿ. ಗೋಲನ್ನು ಮತ್ತೆ ಮತ್ತೆ ತೋರಿಸುತ್ತಾರೆ.